ಆರೂ ಹತ್ತರ ನಡುಕ

ನಡುಕ ಬೆಳಿಗ್ಗೆ ಆರೂ ಹತ್ತರ ಸುಮಾರಿಗೆ ಶುರುವಾಗಿ ಏಳರೊಳಗೆ ನಿಲ್ಲುತ್ತಿತ್ತು. ಒಬ್ಬರಲ್ಲಲ್ಲ, ನಲವತ್ತೊಂದು ಜನರಲ್ಲಿ. ಅವರೆಲ್ಲರೂ ಕ್ಯಾನ್ಸರ್ ರೋಗಿಗಳು, ಎಲ್ಲರೂ ಲಸಿಕೆ ಹಾಕಿಸಿಕೊಂಡವರು, ಎಲ್ಲರ ತೋಳಿನ ಪಟ್ಟಿಯೂ ಹಸಿರಾಗಿತ್ತು.

"ಗಂಡಸ್ರಿಗೇ ಯಾಕ ಜಾಸ್ತಿ?" ಎಂದರು ಡಾ. ಇನಾಮದಾರ. ಮಂಗಳವಾರದ ಆ ಬೆಳಿಗ್ಗೆ ಅವರು ನಿಯಂತ್ರಣ ಕೊಠಡಿಯ ಬಾಗಿಲಲ್ಲೇ ನಿಂತಿದ್ದರು. "ನಲವತ್ತೊಂದ್ರಾಗ ಮೂವತ್ನಾಲ್ಕು ಗಂಡಸ್ರು. ವಾರ್ಡಿನ್ಯಾಗ ಸಿಸ್ಟರ್‌ಗೆ ಹೇಳಿ ನೋಡಿಸೇನಿ, ಯಾರ ಕೈನೂ ನಡುಗೂದಿಲ್ಲಂತ. ಯಂತ್ರ ಮಾತ್ರ ದಿನಾ ನಡುಕ ನಡುಕ ಅಂತ ಬರೀತದ. ನೀಲಾಂಬಿಕಾ, ಲಸಿಕಿಯಿಂದ ನರಕ್ಕೇನರ ಆಗ್ಲಿಕ್ಕತ್ತದೇನು ನೋಡ್ರಿ. ಸಂಜೀ ಒಳಗ ಹೇಳ್ರಿ. ಹೌದಾದ್ರ ಲಸಿಕಿ ನಿಲ್ಲಸಬೇಕಾಗ್ತದ."

ನೀಲಾಂಬಿಕಾ "ಹೂಂ ರೀ" ಎಂದಳು. ಅವಳು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ ಹುಬ್ಬಳ್ಳಿಯ ಈ ಕ್ಯಾನ್ಸರ್ ಆಸ್ಪತ್ರೆಗೆ ಸೇರಿ ನಾಲ್ಕು ವರ್ಷವಾಗಿತ್ತು. ಮೊದಲೆರಡು ವರ್ಷ ಉಸಿರುಜ್ವರ ಇನ್ನೂ ಬಂದಿರಲಿಲ್ಲ.

ಉಸಿರುಜ್ವರ ಬಂದ ಮೇಲೆ ಎಲ್ಲರಿಗೂ ಲಸಿಕೆ ಬಂತು. ಗಟ್ಟಿಮುಟ್ಟಾದ ಮೈಗೆ ಅದು ಎರಡೇ ವಾರದಲ್ಲಿ ಹತ್ತುತ್ತಿತ್ತು. ಕೀಮೋ ಹಾಕಿಸಿಕೊಳ್ಳುತ್ತಿರುವ ಮೈಗೆ ಹತ್ತೀತೋ ಇಲ್ಲವೋ ಹೇಳುವುದು ಕಷ್ಟ. ಅದನ್ನು ತಿಳಿಯಲು ಮಾಡಿದ್ದು ಈ ಪಟ್ಟಿ. ಎರಡು ಬೆರಳಗಲದ್ದು, ಬಲತೋಳಿಗೆ ಅಂಟಿಸುವಂಥದ್ದು. ಅದರ ಒಳಮೈಯಲ್ಲಿ ಕೂದಲಿಗಿಂತ ತೆಳುವಾದ ಸೂಜಿಗಳು. ಅವು ಚರ್ಮದಡಿಯ ನೀರನ್ನು ಹನಿಹನಿಯಾಗಿ ಹೀರಿ, ಜ್ವರವನ್ನು ತಡೆಯುವ ಕಣಗಳು ಮೈಯಲ್ಲಿ ಹುಟ್ಟಿವೆಯೇ ಎಂದು ಹುಡುಕುತ್ತಿದ್ದವು. ಹುಟ್ಟಿದ್ದರೆ ಬಿಳಿಯ ಪಟ್ಟಿಯ ನಡುವೆ ಹಸಿರು ಗೆರೆ ಮೂಡುತ್ತಿತ್ತು. ಜೊತೆಗೆ ನಾಡಿ, ಮೈಬಿಸಿ, ತೋಳಿನ ಅಲುಗಾಟ ಇವನ್ನೂ ಅಳೆದು ಹತ್ತಿರವಿದ್ದ ಯಾವುದಾದರೂ ಫೋನಿನ ಮೂಲಕ ನಿಯಂತ್ರಣ ಕೊಠಡಿಗೆ ಕಳಿಸುತ್ತಿತ್ತು. ಪಟ್ಟಿ ಎಲ್ಲಿದೆ ಎಂಬುದನ್ನು ಮಾತ್ರ ಕಳಿಸುತ್ತಿರಲಿಲ್ಲ. ರೋಗಿಯ ಬೆನ್ನು ಹತ್ತಬಾರದೆಂದು ಅದನ್ನು ಬೇಕಂತಲೇ ಬಿಟ್ಟಿದ್ದರು.

ಮೊದಲು ನೂರರಲ್ಲಿ ಮೂವತ್ತು ರೋಗಿಗಳೂ ಲಸಿಕೆಗೆ ತೋಳು ಕೊಡಲಿಲ್ಲ. ಲಸಿಕೆ ಹತ್ತಬೇಕೆಂದರೆ ಮೂರು ವಾರ ಕೀಮೋ ನಿಲ್ಲಿಸಬೇಕಿತ್ತು. "ನೀವು ನಿಲ್ಲಸ್ತೀರಿ, ಗಂಟು ನಿಂದರ್ತದೇನ್ರಿ?" ಎಂದು ಸವದತ್ತಿಯ ಮುದುಕನೊಬ್ಬ ಕೇಳಿದ್ದ. ಆಮೇಲೆ ಆಸ್ಪತ್ರೆ ಹಸಿರು ವಾರ್ಡು ತೆರೆಯಿತು. ಪಟ್ಟಿ ಹಸಿರಾದವರಿಗೆ ಅಲ್ಲಿ ತಡೆಯಿಲ್ಲದೆ ಕೀಮೋ. ಒಂದೊಂದು ಹಜಾರದಲ್ಲಿ ಎಂಟು ಹಾಸಿಗೆ, ಮುಖಕ್ಕೆ ಮಾಸ್ಕ್ ಬೇಡ, ಮನೆಯವರು ಊಟ ತಂದು ಪಕ್ಕದಲ್ಲೇ ಕೂತು ಉಣಿಸಬಹುದು. ಪಟ್ಟಿ ಬಿಳಿಯೇ ಉಳಿದವರಿಗೆ ಆರು ಒಂಟಿ ಕೋಣೆಗಳು, ಮತ್ತು ಆ ಆರು ಕೋಣೆಗಳಿಗಾಗಿ ಎರಡು ತಿಂಗಳ ಸರದಿ. ಹಸಿರು ವಾರ್ಡಿನ ಬಾಗಿಲಲ್ಲಿ ಕೊರಳ ಬಿಲ್ಲೆಯ ನಂಬರನ್ನು ಯಂತ್ರಕ್ಕೆ ತೋರಿಸಿದರೆ ಸಾಕು. ಯಂತ್ರ ಹಸಿರೆಂದರೆ ಬಾಗಿಲು ತೆರೆಯುತ್ತಿತ್ತು. ಯಾರೂ ತೋಳು ಎತ್ತಿ ನೋಡುತ್ತಿರಲಿಲ್ಲ. ಔಷಧ ಹೋಗುವುದು ಎದೆಯ ಚರ್ಮದಡಿ ಕೂರಿಸಿದ ಪೋರ್ಟೆಂಬ ಪುಟ್ಟ ಡಬ್ಬಿಯಿಂದ, ಆಸ್ಪತ್ರೆಯ ಅಂಗಿಗೆ ಉದ್ದ ತೋಳು.

ವಾರ್ಡು ತೆರೆದ ಮೂರೇ ತಿಂಗಳಲ್ಲಿ ಲಸಿಕೆ ಹಾಕಿಸಿಕೊಂಡವರು ನೂರಕ್ಕೆ ತೊಂಬತ್ತೆರಡಾದರು. ಅದರಲ್ಲಿ ಹಸಿರಾದವರೂ ನಿರೀಕ್ಷೆಗಿಂತ ದುಪ್ಪಟ್ಟು. ಡಾ. ಇನಾಮದಾರ ಆ ಅಂಕಿಯನ್ನು ಕೊಠಡಿಯ ಹಲಗೆಯ ಮೇಲೆ ದೊಡ್ಡದಾಗಿ ಬರೆಸಿದ್ದರು. ಒರೆಸಬೇಡಿ ಎಂದು ಕೆಳಗೊಂದು ಸಾಲು.

ಆ ಹಸಿರಿನವರಲ್ಲಿ ನೀಲಾಂಬಿಕಾಳ ಗಂಡನೂ ಒಬ್ಬ. ನಂಬರು 4417.

*

ಚಿದಾನಂದ ಹೈಸ್ಕೂಲಿನಲ್ಲಿ ಚಿತ್ರಕಲಾ ಮಾಸ್ತರ. ಅವನ ಕೊರಳಲ್ಲಿ ಹುಟ್ಟಿದ ಗಂಟು ರಕ್ತದ ಒಂದು ಬಗೆಯ ಬಿಳಿಕಣಗಳ ಕ್ಯಾನ್ಸರು. ಔಷಧ ಆ ಕಣಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತಿತ್ತು. ಲಸಿಕೆ ಪಾಠ ಕಲಿಸಬೇಕಾಗಿದ್ದೂ ಅದೇ ಕಣಗಳಿಗೆ.

"ಅಂದ್ರ ಖಾಲಿ ಕ್ಲಾಸಿನ್ಯಾಗ ಪಾಠ ಮಾಡಿದಂಗ," ಎಂದು ನಕ್ಕಿದ್ದ ಅವನು. "ಹಾಜರಿ ಕರದ್ರ ಎಸ್ ಸರ್ ಅನ್ನಾವ್ರ ಇಲ್ಲ."

ಮೊದಲ ಸಲ ಲಸಿಕೆ ಹಾಕಿಸಿದಾಗ ಹಾಗೇ ಆಯಿತು. ಮೂರು ವಾರ ಕಳೆದರೂ ಪಟ್ಟಿ ಬಿಳಿ. ಕೀಮೋ ನಿಂತಿದ್ದ ಆ ದಿನಗಳಲ್ಲಿ ಗಂಟು ಅಂಗಿಯ ಕಾಲರನ್ನು ದಾಟಿ ಬೆಳೆಯಿತು. ಎರಡನೆಯ ಸಲ ಹಾಕಿಸುವಾಗ ನೀಲಾಂಬಿಕಾ ಮನೆಯಲ್ಲಿರಲಿಲ್ಲ. ನಿಯಂತ್ರಣ ಕೊಠಡಿಯವರು ಇಪ್ಪತ್ತೊಂದು ದಿನ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲೇ ಇದ್ದು ದುಡಿದು, ಆಮೇಲೆ ಒಂದು ವಾರ ಮನೆಗೆ ಹೋಗಬೇಕೆಂಬ ನಿಯಮ. ಗಂಡನನ್ನು ನೋಡಿಕೊಳ್ಳುತ್ತಿದ್ದವಳು ಅತ್ತೆ ಶಿವಗಂಗವ್ವ. ಹದಿನಾರನೆಯ ದಿನ ಪರದೆಯ ಮೇಲೆ 4417 ಹಸಿರಾದಾಗ ನೀಲಾಂಬಿಕಾ ಎದ್ದು ಹೊರಗೆ ಹೋಗಿ, ಪೈಪಿನ ನೀರಿನಲ್ಲಿ ಮುಖ ತೊಳೆದುಕೊಂಡು ಬಂದಿದ್ದಳು. ತುಂಬಾ ಹೊತ್ತು ತೊಳೆದಿದ್ದಳು. ಖಾಲಿ ಕ್ಲಾಸಿನಲ್ಲಿ ಎಸ್ ಸರ್ ಅಂದವರು ಯಾರು ಎಂದು ಅವಳು ಕೇಳಲಿಲ್ಲ. ಆಮೇಲೆ ಮನೆಗೆ ಹೋದ ವಾರವೂ ಅವನ ಉದ್ದ ತೋಳಿನ ಅಂಗಿಯೊಳಗೆ ಇಣುಕಲಿಲ್ಲ. ಅಂಕಿಸಂಖ್ಯೆ ಓದಿದವಳು ಕೇಳಬೇಕಿತ್ತು.

ಸೋಮವಾರ ಅವನು ಹಸಿರು ವಾರ್ಡು ಸೇರಿದ. ಮೂರು ದಿನದ ಔಷಧ, ಮಂಗಳವಾರದಿಂದ ಗುರುವಾರದವರೆಗೆ. ಡಾ. ಇನಾಮದಾರ ಅತ್ತ ಹೋದ ಮೇಲೆ ಅವನೇ ಫೋನು ಮಾಡಿದ.

"ಮೊದಲನೇ ಬಾಟ್ಲಿ ಏರಿಸ್ಯಾರ. ಅವ್ವ ರೊಟ್ಟಿ ತಂದಿದ್ಲು. ಬಾಯಿ ಹುಣ್ಣಾಗೇತಿ, ಹಾಲಿನ್ಯಾಗ ನೆನಸಿ ತಿಂದೆ, ಮೂರೂ. ಪಕ್ಕದ ಹಾಸಿಗ್ಯಾಂವ ನನ್ನ ಚಿತ್ರ ಬರೀರಿ ಅಂತಾನ. ಕೂದಲಾ ಹಚ್ಚಿ ಬರೀಬೇಕಂತ."

"ಬರೀರಿ ಮತ್ತ."

"ಎಷ್ಟ ಹಚ್ಚಲಿ ಅಂದ್ರ, ಧಾರಾಳ ಹಚ್ಚರಿ ಮಾಸ್ತರ ಅಂತಾನ."

ಅವನು ನಕ್ಕ. ಪಟ್ಟಿಯ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

*

ನಡುಕದ ಗೆರೆಗಳನ್ನು ಒಂದರ ಕೆಳಗೊಂದು ಜೋಡಿಸಿಕೊಂಡು ನೀಲಾಂಬಿಕಾ ಹನ್ನೊಂದರವರೆಗೆ ನೋಡಿದಳು. ನರಗಳ ನಡುಕ ಒಂದೇ ಸಮ ಇರುತ್ತದೆ. ಇದು ಹಾಗಿರಲಿಲ್ಲ. ಸಣ್ಣ ಸಣ್ಣ ಏಟುಗಳು, ನಡುವೆ ಒಂದು ತಿರುವು, ಮತ್ತೆ ಏಟುಗಳು. ಒಂದೂವರೆ ನಿಮಿಷ ನಡೆದು ನಿಲ್ಲುವುದು, ಅರೆ ನಿಮಿಷ ಬಿಟ್ಟು ಮತ್ತೆ ಮೊದಲಿನಿಂದ. ಕಣ್ಣಿಗೆ ಹತ್ತದ್ದು ಕೈಗೆ ಹತ್ತೀತೆಂದು ಅವಳು ಗೆರೆಯನ್ನು ನೋಡುತ್ತ ಅಂಗೈಯಿಂದ ಮೇಜು ತಟ್ಟತೊಡಗಿದಳು.

ಎದುರು ಮೇಜಿನಲ್ಲಿ ಇಮಾಮಸಾಬ ನದಾಫ ಚಹಾ ಕುಡಿಯುತ್ತಿದ್ದ. ಐವತ್ತು ದಾಟಿದ ಮನುಷ್ಯ. ಪಟ್ಟಿಗಳ ಸಂಪರ್ಕ ತಪ್ಪಿದರೆ ಸರಿಮಾಡುವವನು.

"ಹಸಿವಿ ಆಗೇತೇನ್ರಿ ಮೇಡಮ್ಮಾರ?"

"ಯಾಕ?"

"ಅಲ್ಲ, ಮೇಜಿನ ಮ್ಯಾಲ ರೊಟ್ಟಿ ಬಡ್ಯಾಕತ್ತೀರಲ್ರಿ, ಅದಕ್ಕ."

ಅವಳ ಕೈ ನಿಂತಿತು.

"ಮತ್ತೊಮ್ಮೆ ಬಡೀರಿ," ಎಂದ ನದಾಫ. ಚಹಾದ ಕಪ್ಪು ಕೆಳಗಿಟ್ಟು ಎದ್ದು ಬಂದ. ಅವಳು ತಟ್ಟಿದಳು. ಅವನು ಪರದೆ ನೋಡಿದ. "ಇಲ್ಲಿ ಹಿಟ್ಟು ತಿರುವಿದ್ಲು. ಇಲ್ಲಿ ಮತ್ತ ಬಡದ್ಲು. ಈಗ ಹಂಚಿಗೆ ಹಾಕಿದ್ಲು ನೋಡ್ರಿ. ಇದು ನೀರು ಸವರೂದು. ನಮ್ಮ ಮನ್ಯಾಗ ದಿನಾ ಇದ ಸಪ್ಪಳಕ್ಕ ನಾ ಏಳ್ತೀನಿ." ಆಮೇಲೆ ನಗುತ್ತ ಅಂದ, "ಅಬಬಾ, ನಮ್ಮ ಗಂಡಸ್ರು ಕೀಮೋ ತಗೊಂಡು ಬೆಳಿಗ್ಗೆದ್ದು ರೊಟ್ಟಿ ಬಡ್ಯಾಕತ್ಯಾರ! ಎಂಥಾ ಲಸಿಕಿರೀ ಇದು!"

ಅವಳು ನಗಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ನಗುವೂ ನಿಂತಿತು.

"ಪಟ್ಟಿ ಅವರ ತೋಳಿನ ಮ್ಯಾಲ ಇಲ್ಲ," ಎಂದಳು ನೀಲಾಂಬಿಕಾ. "ಹೆಂಡ್ತಿ ತೋಳಿನ ಮ್ಯಾಲ ಐತಿ. ಅಕ್ಕನ ತೋಳಿನ ಮ್ಯಾಲ."

"ಒಮ್ಮೆ ಕಿತ್ರ ಮತ್ತ ಹತ್ತೂದಿಲ್ಲಂದಿದ್ರಲ್ರಿ ಕಂಪನಿಯವ್ರು?"

ಅವಳು ಹಳೆಯ ದಿನಗಳನ್ನು ತೆರೆದಳು. ಲಸಿಕೆ ಹಾಕಿದ ಎರಡು ಮೂರು ದಿನಕ್ಕೆ ಆ ನಲವತ್ತೊಂದರಲ್ಲಿ ಪ್ರತಿಯೊಂದು ಪಟ್ಟಿಯೂ ಹತ್ತು ನಿಮಿಷ ಕುರುಡಾಗಿತ್ತು. ಯಂತ್ರ ಅದನ್ನು "ಸ್ನಾನ" ಎಂದು ಬರೆದುಕೊಂಡಿತ್ತು. ಸ್ನಾನದ ಮುಂಚೆ ನಾಡಿ ನಿಮಿಷಕ್ಕೆ ನೂರರ ಮೇಲೆ. ಸ್ನಾನದ ನಂತರ ಎಪ್ಪತ್ತೈದು.

ರೊಟ್ಟಿ ಬಡಿದವರು ನಲವತ್ತೊಂದು ಜನ. ಬಡಿಯದವರ ತೋಳಿನ ಮೇಲೆ ಎಷ್ಟು ಪಟ್ಟಿಗಳಿವೆಯೋ. ಅವು ಎಂದೂ ನಡುಗುವುದಿಲ್ಲ.

ನದಾಫ ಕಪ್ಪು ತೊಳೆಯಲು ಹೊರಗೆ ಹೋದಾಗ ಅವಳು 4417 ತೆರೆದಳು. ನಲವತ್ತೊಂದರಲ್ಲಿ ಅದೂ ಇತ್ತು. ಇಷ್ಟು ಹೊತ್ತು ಅದರತ್ತ ನೋಡಿರಲಿಲ್ಲ, ಅಷ್ಟೆ. ಗೆರೆಯನ್ನು ಅನುಸರಿಸಿ ಅವಳ ಅಂಗೈ ಮೆಲ್ಲಗೆ ಮೇಜಿಗೆ ತಗುಲಿತು. ಮೂರು ಏಟು, ಒಂದು ಸಣ್ಣ ತಡೆ. ಮೂರು ಏಟು, ತಡೆ. ಶಿವಗಂಗವ್ವನ ಮಣಿಕಟ್ಟು ಆರು ವರ್ಷದ ಹಿಂದೆ ಬಾವಿಕಟ್ಟೆಯ ಮೇಲೆ ಜಾರಿ ಮುರಿದಿತ್ತು. ಅಂದಿನಿಂದ ಮೂರು ಸಲ ಬಡಿದರೆ ಒಂದು ಸಲ ಕೈ ಹಿಡಿಯುತ್ತಿತ್ತು. ಮದುವೆಯಾಗಿ ಬಂದ ಮೊದಲ ಬೆಳಿಗ್ಗೆ ನೀಲಾಂಬಿಕಾ ಎಚ್ಚರಾಗಿದ್ದು ಆ ಸಪ್ಪಳಕ್ಕೆ.

ಅವಳು ರೊಟ್ಟಿ ಎಣಿಸಿದಳು. ಆರು. ಮೂರು ಅತ್ತೆಗೆ, ಮೂರು ಹಾಲಿನಲ್ಲಿ ನೆನಸಿ ತಿನ್ನುವವನಿಗೆ.

ಒಳಗೆ ಬಂದ ನದಾಫ ಅವಳ ಮುಖ ನೋಡಿ, ಪರದೆಯ ನಂಬರು ನೋಡಿ, ಬೇರೆ ಕಡೆ ತಿರುಗಿದ. "ನಾ ಏನೂ ನೋಡಿಲ್ಲರಿ," ಎಂದ.

*

ಎರಡು ತಾಸಿನ ರಜೆ ಕೇಳಿಕೊಂಡು ಮಧ್ಯಾಹ್ನ ಅವಳು ಮನೆಗೆ ಹೋದಳು. ಎರಡೆರಡು ಮಾಸ್ಕ್ ಹಾಕಿಕೊಂಡು ಅಂಗಳದಲ್ಲೇ ನಿಂತಳು. ಶಿವಗಂಗವ್ವ ಬಾಗಿಲಲ್ಲಿ ಕೂತು ಮೆಂತೆ ಸೋಸುತ್ತಿದ್ದಳು.

"ಅತ್ತಿ, ತೋಳು ತೋರಸ್ರಿ."

ಶಿವಗಂಗವ್ವ ತಲೆ ಎತ್ತಲಿಲ್ಲ. "ಉಂಡಿಯೇನು?"

"ತೋಳು ತೋರಸ್ರಿ ಅಂದೆ."

ಮುದುಕಿ ಮೆಂತೆಯ ದಂಟೊಂದನ್ನು ಮುರಿದು ಪಕ್ಕಕ್ಕಿಟ್ಟು, ಕುಪ್ಪಸದ ತೋಳನ್ನು ಮೇಲಕ್ಕೆ ಸರಿಸಿದಳು. ಸುಕ್ಕುಗಟ್ಟಿದ ಚರ್ಮದ ಮೇಲೆ ಪಟ್ಟಿ. ನಡುವೆ ಹಸಿರು ಗೆರೆ, ನೆಟ್ಟಗೆ, ದಟ್ಟವಾಗಿ.

"ಹೆಂಗ ತಗದ್ರಿ?"

"ಔಡಲೆಣ್ಣಿ ಕಾಸಿ ಹಚ್ಚೂದು. ಆಮ್ಯಾಲ ಜೋಳದ ಹಿಟ್ಟಿಲೆ ಒರಸೂದು. ಮತ್ತ ಹತ್ತತೈತಿ. ಲಸಿಕಿ ನಾನೂ ಅವನ ಜೋಡೀನ ಹಾಕಿಸ್ಕೊಂಡಿದ್ದೆ. ಕಲಘಟಗಿಯಾಕಿ ಒಬ್ಬಾಕಿ ಹೇಳಿಕೊಟ್ಲು, ದವಾಖಾನಿ ಪಾಳೇದಾಗ. ಎಲ್ಲಾರೂ ಮಾಡಾಕತ್ತಾರವ್ವ, ನಾ ಒಬ್ಬಾಕೇ ಏನಲ್ಲ."

"ಅವರಿಗೆ ಗೊತ್ತೈತೇನು?"

"ಅವನ ತೋಳಿಂದ ತಗದು ಹಚ್ಚಿದ್ದು, ಗೊತ್ತಿಲ್ಲದ ಹೆಂಗ? ನೀಲಾಗ ಹೇಳಬ್ಯಾಡವ್ವ ಅಂದ. ಆಕಿ ಲೆಕ್ಕದಾಕಿ, ಸುಳ್ಳು ಹೊಟ್ಟ್ಯಾಗ ಇಟ್ಕೊಳ್ಳಾಕ ಆಗೂದಿಲ್ಲ ಆಕಿಗೆ ಅಂದ."

"ಅತ್ತಿ, ಹಸಿರಾಗಿದ್ದು ನಿಮ್ಮ ಮೈ. ಅವರ ಮೈಯಾಗ ಏನೂ ಇಲ್ಲ. ಇವತ್ತ ಜ್ವರ ಬಂದ್ರ ತಡಿಯಾಕ ಒಂದ ಕಣ ಇಲ್ಲ. ಆ ವಾರ್ಡಿನ್ಯಾಗ ಮಾಸ್ಕ್ ಸುದ್ದಾ ಇಲ್ಲ."

"ನನ್ನ ಮೈಯಾಗಿಂದ ಬಂದ ಮೈ ಅಲ್ಲೇನ ಅದು?" ಎಂದಳು ಶಿವಗಂಗವ್ವ. ತನಗೇ ಆ ಮಾತು ಸಾಲದೆನ್ನಿಸಿದವಳಂತೆ, "ಗಂಟು ನೋಡಿದ್ದೇನು ನೀ? ನೀರು ನುಂಗಾಕ ಆಗ್ತಿದ್ದಿಲ್ಲ ಅವಂಗ. ಹಸರು ಕೊಡ್ರಿ ಬಾಗಲಾ ತಗೀತೀವಿ ಅಂದ್ರು ನಿಮ್ಮ ದವಾಖಾನಿಯವ್ರು. ಹಸರು ಕೊಟ್ಟೆ."

ಅಂಗಳದ ಬಿಸಿಲಿನಲ್ಲಿ ಮಾಸ್ಕಿನೊಳಗೆ ನೀಲಾಂಬಿಕಾಳ ಉಸಿರು ಒದ್ದೆಯಾಗುತ್ತಿತ್ತು.

"ಸಂಜೀಗೆ ನಾ ಡಾಕ್ಟರಿಗೆ ಹೇಳಬೇಕು," ಎಂದಳು ಕೊನೆಗೆ.

"ಹೇಳಿದ್ರ?"

"ಹೊರಗ ಹಾಕ್ತಾರ. ಬಿಳಿ ಕ್ವಾಣ್ಯಾಗ ಪಾಳೇ ಹಚ್ಚತಾರ."

"ಔಷಧ ಅರ್ಧಾ ಬಿಟ್ಟು?"

"ಹೂಂ."

ಶಿವಗಂಗವ್ವ ಕುಪ್ಪಸದ ತೋಳನ್ನು ಇಳಿಸಿದಳು. "ಗುರುವಾರ ಮುಗೀತೈತಿ. ಎಡ್ಡ ದಿನ ಸುಮ್ನ ಇರಾಕ ಆಗೂದಿಲ್ಲೇನು ನಿನಗ? ಎಡ್ಡ ದಿನ, ನೀಲವ್ವ."

ಶಿವಗಂಗವ್ವ ಎಂದೂ ಸೊಸೆಯನ್ನು ಏನೂ ಬೇಡಿದವಳಲ್ಲ.

ಸಂಜೆ ಐದಕ್ಕೆ ಡಾ. ಇನಾಮದಾರ ಕೇಳಿದಾಗ ನೀಲಾಂಬಿಕಾ, "ಇನ್ನೂ ಎರಡು ದಿನದ ಗೆರಿ ನೋಡಬೇಕ್ರಿ. ನರದ ನಡುಕ ಅಲ್ಲ ಅನಸ್ತದ, ಖಾತ್ರಿ ಮಾಡ್ಕೊಂಡು ಹೇಳ್ತೀನಿ," ಎಂದಳು. ಅವಳ ದನಿ ಸರಿಯಾಗೇ ಇತ್ತು. ನದಾಫ ತನ್ನ ಮೇಜಿನ ಮೇಲಿನ ತಂತಿಗಳನ್ನು ಸುತ್ತುತ್ತಿದ್ದ, ಸುತ್ತಿದ್ದನ್ನೇ ಮತ್ತೆ ಬಿಚ್ಚಿ ಸುತ್ತುತ್ತಿದ್ದ.

ಆ ದಿನ ಹಸಿರು ವಾರ್ಡಿನಲ್ಲಿ ಇಪ್ಪತ್ನಾಲ್ಕು ಜನರಿದ್ದರು. ನಡುಕದವರು ಹದಿಮೂರು. ಅವಳು ಆ ಹದಿಮೂರು ಹೆಸರುಗಳನ್ನು ಒಂದೊಂದಾಗಿ ಓದಿದಳು. ಪ್ರತಿ ಹೆಸರಿನ ಹಿಂದೆ ಬೆಳಿಗ್ಗೆ ಎದ್ದು ಹಿಟ್ಟು ನಾದುವ ಯಾರೋ ಒಬ್ಬಳು. ಅವರೂ ಎರಡು ದಿನ ಕೇಳುತ್ತಿದ್ದರು ಎಂದುಕೊಂಡಳು. ಕೇಳಿಸಿಕೊಳ್ಳದೆಯೇ ಅವರ ಪರವಾಗಿ ತಾನೇ ಒಪ್ಪಿಕೊಂಡಳು.

*

ಬುಧವಾರ ಏನೂ ಆಗಲಿಲ್ಲ. ಚಿದಾನಂದ ಎರಡನೆಯ ಬಾಟಲಿ ಮುಗಿಸಿ ಫೋನು ಮಾಡಿ, ಗಂಟು ಮೆತ್ತಗಾದಂತಿದೆ ಎಂದ. ಕೈಯಿಂದ ಮುಟ್ಟಿ ನೋಡಿಕೊಂಡೇ ಮಾತಾಡುತ್ತಿದ್ದ, ಅದು ಅವಳಿಗೆ ದನಿಯಲ್ಲೇ ತಿಳಿಯಿತು.

"ಮಾಸ್ಕ್ ಹಾಕ್ಕೋರಿ," ಎಂದಳು ಅವಳು.

"ಗೊತ್ತಾತೇನು?" ಎಂದ ಅವನು.

"ಹಾಕ್ಕೋರಿ. ಯಾರರ ಕೇಳಿದ್ರ ಔಷಧದ ವಾಸನಿ ಆಗೂದಿಲ್ಲ ಅನ್ರಿ."

"ನಾ ಒಬ್ಬಾಂವ ಹಾಕ್ಕೊಂಡ್ರ, ಇಲ್ಲಿ ಉಳಿದಾವ್ರು..."

"ನಾಳಿ ಸಂಜೀಗೆ ಹೇಳ್ತೀನಿ. ನಾಳಿ ನಿಮ್ಮ ಬಾಟ್ಲಿ ಮುಗದಿಂದ."

ಅವನು ಮಾಸ್ಕ್ ಹಾಕಿಕೊಂಡನೋ ಇಲ್ಲವೋ ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಎರಡನೆಯ ಹಜಾರದ ರೋಗಿಯೊಬ್ಬನ ಅಣ್ಣ ಕೆಮ್ಮುತ್ತಿದ್ದಾನೆಂದು ಸಿಸ್ಟರು ಹೇಳಿದರು. ಮಂಗಳವಾರದಿಂದ ದಿನಾ ಊಟ ತರುತ್ತಿದ್ದವನು. ಹತ್ತೂವರೆಗೆ ಮೂರು ಹಾಸಿಗೆಗಳಲ್ಲಿ ಜ್ವರ. ಆದರೆ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಆ ಮೂರೂ ನಂಬರುಗಳ ಮೈಬಿಸಿ ತಣ್ಣಗೇ ಇತ್ತು, ನಾಡಿ ಎಪ್ಪತ್ತೆಂಟು, ಎಪ್ಪತ್ನಾಲ್ಕು, ಎಂಬತ್ತು. ಅವರ ಪಟ್ಟಿಗಳು ಆಗ ಎಲ್ಲೋ ಬೇರೆ ಅಡುಗೆಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದವು.

ನೀಲಾಂಬಿಕಾ ಸಂಜೆಯವರೆಗೆ ಕಾಯಲಿಲ್ಲ. ಎದ್ದು ಹೋಗಿ ಡಾ. ಇನಾಮದಾರ ಅವರಿಗೆ ಎಲ್ಲವನ್ನೂ ಹೇಳಿದಳು. ರೊಟ್ಟಿ, ಔಡಲೆಣ್ಣೆ, ಸ್ನಾನದ ಹತ್ತು ನಿಮಿಷ, ಗಂಡನ ನಂಬರು. ಮಂಗಳವಾರವೇ ಗೊತ್ತಿತ್ತು ಎಂಬುದೊಂದನ್ನು ಬಿಟ್ಟು ಎಲ್ಲ. ಅವರು ಕುರ್ಚಿಯ ಕೈ ಹಿಡಿದು ಕೂತರು.

"ನನ್ನ ತೊಂಬತ್ತೆರಡು," ಎಂದರು. ಅಷ್ಟೆ. ಮರುಕ್ಷಣ ಎದ್ದು ವಾರ್ಡಿನತ್ತ ಓಡಿದರು.

*

ಹಸಿರು ವಾರ್ಡಿನ ಇಪ್ಪತ್ನಾಲ್ಕು ಜನರಲ್ಲಿ ಹದಿನಾಲ್ಕು ಜನ ತೀರಿಕೊಂಡರು. ನಡುಕದ ಹದಿಮೂರರಲ್ಲಿ ಹನ್ನೊಂದು, ನಡುಗದವರಲ್ಲಿ ಮೂವರು. ಆ ಮೂವರ ಪಟ್ಟಿಗಳನ್ನು ಆಮೇಲೆ ಹುಡುಕಿದಾಗ ಒಂದು ಅಣ್ಣನ ತೋಳಿನ ಮೇಲೂ, ಒಂದು ಅಪ್ಪನ ತೋಳಿನ ಮೇಲೂ, ಇನ್ನೊಂದು ಕಾಲೇಜಿಗೆ ಹೋಗುವ ಮಗಳ ತೋಳಿನ ಮೇಲೂ ಇದ್ದವು. ನಿಜವಾಗಿ ಹಸಿರಾದವರಿಗೆ ನಾಲ್ಕು ದಿನ ಜ್ವರ ಬಂದು ಹೋಯಿತು.

ಚಿದಾನಂದನ ಮೂರನೆಯ ಬಾಟಲಿ ಮುಗಿದಿತ್ತು. ಅವನು ಜ್ವರದ ಒಂಬತ್ತನೆಯ ದಿನ ಹೋದ. ಗಂಟು ಅರ್ಧಕ್ಕಿಂತ ಸಣ್ಣದಾಗಿತ್ತೆಂದು ವರದಿಯಲ್ಲಿ ಬರೆದಿದ್ದರು. ಅವನ ದಿಂಬಿನ ಕೆಳಗೆ ಪಕ್ಕದ ಹಾಸಿಗೆಯವನ ಚಿತ್ರ ಸಿಕ್ಕಿತು, ತಲೆತುಂಬ ಗುಂಗುರು ಕೂದಲು. ಕೊಡಲು ಆ ಮನುಷ್ಯನೂ ಇರಲಿಲ್ಲ. ಮಣ್ಣು ಮಾಡುವಾಗ ಅತ್ತೆ ಸೊಸೆ ಬೇಲಿಯಾಚೆ ಹತ್ತು ಮಾರು ದೂರ ನಿಂತಿದ್ದರು. ಇಬ್ಬರ ನಡುವೆಯೂ ಅಷ್ಟೇ ದೂರ. ಅಂದೇ ಅವಳು ಕ್ವಾರ್ಟರ್ಸಿಗೆ ಮರಳಿದಳು. ಕೆಲಸಕ್ಕೆ ಬಾ ಎಂದು ಯಾರೂ ಕರೆದಿರಲಿಲ್ಲ.

ಊರಲ್ಲಿ ಬೇರೆಯೇ ಮಾತು ಹಬ್ಬಿತು. ಹಸಿರಾದವರೇ ಸತ್ತರಂತೆ. ಲಸಿಕೆ ಹತ್ತಿದವರ ಕೈ ಮೊದಲು ನಡುಗುತ್ತದಂತೆ, ಆಮೇಲೆ ಉಸಿರು ನಿಲ್ಲುತ್ತದಂತೆ. ಡಾ. ಇನಾಮದಾರ ರೋಗಿಗಳ ಮನೆಯವರು ಉಳಿಯುವ ಧರ್ಮಶಾಲೆಯ ಅಂಗಳದಲ್ಲಿ ನಿಂತು ಕೂಗಿ ಕೂಗಿ ನಿಜ ಹೇಳಿದರು. ಅದನ್ನು ನಿಜವೆಂದರೆ ಪಟ್ಟಿ ಕಿತ್ತಿದ್ದನ್ನು ಒಪ್ಪಬೇಕಿತ್ತು. ಸತ್ತವರ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಒಪ್ಪಲಿಲ್ಲ. ಎರಡು ವಾರದಲ್ಲಿ ತೊಂಬತ್ತೆರಡು ಹದಿನೇಳಕ್ಕೆ ಇಳಿಯಿತು. ಹಲಗೆಯ ಮೇಲಿನ ಅಂಕಿಯನ್ನು ಒರೆಸಿದವರು ಯಾರೆಂದು ಗೊತ್ತಾಗಲಿಲ್ಲ.

ತೀರಿಹೋದವರ ನಂಬರು ಮುಚ್ಚುವುದು ನೀಲಾಂಬಿಕಾಳ ಕೆಲಸ. ಹದಿಮೂರನ್ನು ಮುಚ್ಚಿದಳು. ಮನೆಗಳಿಂದ ಪಟ್ಟಿಗಳು ಹಿಂದಿರುಗಿ ಬಂದಿದ್ದವು, ಕೆಲವಕ್ಕೆ ಇನ್ನೂ ಎಣ್ಣೆಯ ಜಿಗುಟು.

4417 ತಿರುಗಿ ಬರಲಿಲ್ಲ. ಪರದೆಯ ಮೇಲೆ ಅದು ಬದುಕಿತ್ತು. ಮೈಬಿಸಿ ಸರಿ, ಗೆರೆ ಹಸಿರು, ನಾಡಿ ಎಂಬತ್ತೆರಡು. ತೋಳು ಮಾತ್ರ ಅಲುಗುತ್ತಿರಲಿಲ್ಲ. ಬೆಳಿಗ್ಗೆ ಆರೂ ಹತ್ತಾಗುತ್ತಿತ್ತು, ಏಳಾಗುತ್ತಿತ್ತು, ಗೆರೆ ಮಲಗಿಯೇ ಇರುತ್ತಿತ್ತು. ಶಿವಗಂಗವ್ವ ಏನು ತಿನ್ನುತ್ತಿದ್ದಾಳೋ, ತಿನ್ನುತ್ತಿದ್ದಾಳೋ ಇಲ್ಲವೋ ಎಂದು ನೀಲಾಂಬಿಕಾ ದಿನವೂ ನೋಡಿದಳು. ಫೋನು ಮಾಡಲಿಲ್ಲ. ಮಾಡಿದರೆ ಆ ಎರಡು ದಿನದ ಮಾತು ಬರುತ್ತಿತ್ತು. ಆ ಎರಡು ದಿನ ಇಬ್ಬರಿಗೆ ಮಾತ್ರ ಗೊತ್ತು. ನದಾಫನನ್ನು ಸೇರಿಸಿದರೆ ಮೂವರಿಗೆ.

ಅವನು ಹೋದ ಎಂಟನೆಯ ದಿನಕ್ಕೆ ಅವಳ ಇಪ್ಪತ್ತೊಂದು ದಿನದ ಸರದಿ ಮುಗಿದಿತ್ತು. ಬೆಳಿಗ್ಗೆ ಚೀಲ ಕಟ್ಟಿಕೊಂಡೇ ಕೊಠಡಿಗೆ ಬಂದಳು. ಮನೆಗೆ ಬರುತ್ತೇನೆಂದು ಹೇಳಿರಲಿಲ್ಲ. ಆದರೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಇಪ್ಪತ್ತೊಂದನೆಯ ದಿನಕ್ಕೆ ಸುತ್ತು ಹಾಕುವುದು ಶಿವಗಂಗವ್ವನ ರೂಢಿ.

"ಮೇಡಮ್ಮಾರ, ನಾ ಮುಚ್ಚಲೇನ್ರಿ ಅದನ್ನ?" ಎಂದ ನದಾಫ ಮೆಲ್ಲಗೆ. "ನಿಮ್ಮ ಕೈಲೆ ಯಾಕ..."

"ತಡೀರಿ."

ಆರೂ ಹನ್ನೆರಡು. ಗೆರೆ ಅಲುಗಿತು.

ಮೂರು ಏಟು, ತಡೆ. ಮೂರು ಏಟು, ತಡೆ. ತಿರುವು. ಪರದೆಯ ಮೂಲೆಯಲ್ಲಿ ಯಂತ್ರ ಕೆಂಪಕ್ಷರದಲ್ಲಿ "ನಡುಕ" ಎಂದು ಬರೆಯಿತು. ನದಾಫ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಒಂದು ಮುಗಿಯಿತು, ಎರಡು ಮುಗಿಯಿತು. ಮೂರು. ಅವು ಅತ್ತೆಯವು. ನಾಲ್ಕನೆಯದು ಶುರುವಾದಾಗ ನೀಲಾಂಬಿಕಾ ಮೇಜಿನ ಅಂಚು ಹಿಡಿದಳು. ಐದು. ಆರನೆಯದರಲ್ಲಿ ತಡೆ ಜಾಸ್ತಿ, ಕೈ ಸೋತಿತ್ತು.

ಮೂವರೂ ಮನೆಯಲ್ಲಿದ್ದ ದಿನಗಳಲ್ಲಿ ಒಂಬತ್ತು.

ಅವಳು ಏಳನೆಯದಕ್ಕೆ ಕಾದಳು. ಆರೂವರೆ ಆಯಿತು, ಆರೂ ನಲವತ್ತು. ತೋಳು ಒಮ್ಮೆ ಮೇಲೆದ್ದು ಇಳಿಯಿತು, ಹಂಚು ಇಳಿಸಿದಂತೆ. ಆಮೇಲೆ ಅಲುಗಲಿಲ್ಲ.

ಏಳನೆಯದು ಬರಲಿಲ್ಲ. ಮೂರು ಅತ್ತೆಗೆ, ಮೂರು ಮನೆಗೆ ಬರುವವಳಿಗೆ.

ಅವಳು 4417ರ ಮೇಲೆ ಬೆರಳಿಟ್ಟಳು. ಯಂತ್ರ ಕಾರಣ ಕೇಳಿತು. ಮೃತ, ಎಂದು ಒತ್ತಿದಳು. ನಾಡಿಯ ಗೆರೆ ಎಂಬತ್ತಾರಕ್ಕೆ ಬಂದಿದ್ದು ಅಲ್ಲೇ ಕತ್ತರಿಸಿಹೋಯಿತು. ಚೀಲ ಎತ್ತಿಕೊಂಡು, ರೊಟ್ಟಿ ಆರುವುದರೊಳಗೆ ಸಿಗುವ ಬಸ್ಸಿಗೆ ಹೊರಟಳು.